ಹೆಸರಿನಲ್ಲಿ ಉಳಿದ ಊರು

ನಿಮ್ಮ ಮನೆಯಲ್ಲಿ ಓದುವ ಮಕ್ಕಳಿದ್ದರೆ, ಇಂದು ರಾತ್ರಿ ವಾರ್ತೆ ಮುಗಿದ ಮೇಲೆ ಅವರನ್ನು ಒಂದು ಪ್ರಶ್ನೆ ಕೇಳಿ ನೋಡಿ: ‘ನಿನ್ನ ಹೆಸರಿಗೆ ಮೊದಲು ಬರುವ ಆ ಇಂಗ್ಲಿಷ್ ಅಕ್ಷರ ಏತರದು?’ ನಾಲ್ವರಲ್ಲಿ ಒಬ್ಬರು ಥಟ್ಟನೆ ಉತ್ತರ ಹೇಳಿದರೆ ನಿಮ್ಮದು ಪುಣ್ಯವಂತರ ಮನೆಯೆಂದೇ ನಾನು ತಿಳಿಯುತ್ತೇನೆ.

ನಾನು ಗುಬ್ಬಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಹೇಳುವವನು. ಮೊನ್ನೆ ಒಂಬತ್ತನೆಯ ತರಗತಿಯಲ್ಲಿ ನಾಮಪದದ ಪಾಠ ನಡೆದಿತ್ತು. ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ನಮ್ಮ ವ್ಯಾಕರಣ ಮಾಡಿರುವ ವಿಂಗಡಣೆಯನ್ನು ನೀವೂ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೀರಿ. ನದಿ, ಬೆಟ್ಟ ಎಂಬುವು ರೂಢಿಯಿಂದ ಬಂದವು. ವ್ಯವಹಾರಕ್ಕಾಗಿ ಒಬ್ಬೊಬ್ಬರಿಗೆ ಇಟ್ಟದ್ದು ಅಂಕಿತ. ಅರ್ಥಕ್ಕೆ ತಕ್ಕಂತೆ ಬಂದ ಕುಂಬಾರ, ವ್ಯಾಪಾರಿ, ಕುರುಡ ಎಂಬಂಥವು ಅನ್ವರ್ಥ. ಹುಡುಗರಿಗೆ ಉದಾಹರಣೆ ಕೊಡೋಣವೆಂದು ಅವರವರ ಹೆಸರನ್ನೇ ಬಿಡಿಸಹೊರಟೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗನ ಹೆಸರಿಗೆ ಮೊದಲು ಒಂದು ‘ಜಿ.’ ಇತ್ತು.

‘ಜಿ ಅಂದರೆ ಏನಪ್ಪ?’

‘ಇನಿಷಿಯಲ್ಲು ಸಾರ್.’

‘ಅದು ಸರಿ. ಏತರ ಇನಿಷಿಯಲ್ಲು?’

‘ಎಲ್ಲರಿಗೂ ಇರ್ತದಲ್ಲ ಸಾರ್, ಅದು.’

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ‘ಮನೇಲಿ ಕೇಳಿಕೊಂಡು ಬಾ’ ಎಂದು ಹೇಳಿ ಪಾಠ ಮುಂದುವರಿಸಿದೆ. ಆದರೆ ಮನಸ್ಸು ಪಾಠದಲ್ಲಿರಲಿಲ್ಲ. ಅದಕ್ಕೆ ಎರಡು ದಿನ ಮುಂಚೆಯಷ್ಟೇ ನಾನು ಇನ್ನೊಂದು ಜನದ ಹೆಸರುಗಳ ಗುಂಗಿನಲ್ಲಿ ಬಿದ್ದಿದ್ದೆ. ಸಾವಿರ ವರ್ಷದ ಹಿಂದೆ ಬಿಟ್ಟುಬಂದ ಹಳ್ಳಿಗಳ ಹೆಸರನ್ನು ಇಂದಿಗೂ ಕಳೆದುಕೊಳ್ಳದೆ ಹೊತ್ತು ತಿರುಗುತ್ತಿರುವ ಜನ ಅವರು. ಇಂಗ್ಲೆಂಡಿನಲ್ಲಿರುವ ಫ್ರೆಂಚ್ ಮನೆತನದ ಹೆಸರುಗಳ ವಿಚಾರ ಹೇಳುತ್ತಿದ್ದೇನೆ. ಗುಬ್ಬಿಯ ಮೇಷ್ಟ್ರಿಗೆ ಅದರ ಗೊಡವೆ ಏಕೆ ಎನ್ನುವಿರಾದರೆ ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮ ಮೈಸೂರು ಸೀಮೆಯ ಜನಜೀವನವನ್ನು ಕುರಿತು ಫ್ರೆಂಚ್ ಪಾದ್ರಿಯೊಬ್ಬರು ಬರೆದ ದೊಡ್ಡ ಪುಸ್ತಕವೊಂದಿದೆ. ಅವರ ಹೆಸರು ಆಬೆ ದ್ಯುಬುವಾ. 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು. ನಮ್ಮವರಂತೆಯೇ ಉಡುಗೆ ಉಟ್ಟು, ನಮ್ಮವರ ಊಟ ಉಂಡು, ಇಪ್ಪತ್ತಕ್ಕಿಂತ ಹೆಚ್ಚು ವರ್ಷ ಇಲ್ಲಿದ್ದರು. ಹಳ್ಳಿಗಳಲ್ಲಿ ಸಿಡುಬಿನ ದಾಕು ಹಾಕಿಸಲು ಓಡಾಡಿದರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. 1823ರಲ್ಲಿ ಹಡಗು ಹತ್ತಿ ಹೋದವರು 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅವರ ಬರಹವನ್ನು ಈಸ್ಟ್ ಇಂಡಿಯಾ ಕಂಪನಿಯವರು 2000 ವರಹ ಕೊಟ್ಟು ಕೊಂಡರು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಮುಂದೆ ಅವರೇ ತಿದ್ದಿದ ಪ್ರತಿಯಿಂದ ಹೊಸದಾಗಿ ಅನುವಾದಿಸಿ 1897ರಲ್ಲಿ ಹೊರತಂದವರು ಹೆನ್ರಿ ಬೀಚಮ್ ಎಂಬ ಇಂಗ್ಲಿಷರು.

ಈ ಪುಸ್ತಕದ ಮುಖಪತ್ರದಲ್ಲಿ ಎರಡು ಹೆಸರುಗಳು ಒಂದರ ಕೆಳಗೊಂದು ಇವೆ. ನನ್ನ ಕಣ್ಣು ಮೊದಲು ಅಲ್ಲಿಯೇ ನಿಂತಿತು. ದ್ಯುಬುವಾ ಎಂದರೆ ಫ್ರೆಂಚಿನಲ್ಲಿ ‘ಕಾಡಿನ’ ಎಂದರ್ಥ. ಅವರ ಹಿರಿಯರಲ್ಲಿ ಯಾರೋ ಒಬ್ಬರು ಕಾಡಂಚಿನಲ್ಲಿ ಮನೆ ಮಾಡಿಕೊಂಡಿದ್ದಿರಬೇಕು. ಇದರಲ್ಲಿ ಅಚ್ಚರಿಯಿಲ್ಲ, ಫ್ರೆಂಚರಿಗೆ ಫ್ರೆಂಚ್ ಹೆಸರು. ಆದರೆ ಇಂಗ್ಲಿಷರಾದ ಬೀಚಮ್ ಅವರ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರೆ ಅದೂ ಫ್ರೆಂಚೇ! ಬರೆಯುವುದು ಬೋಶಾಂ ಎಂಬ ಫ್ರೆಂಚ್ ಮಾತಿನಂತೆ. ‘ಚೆಲುವಾದ ಹೊಲ’ ಎಂದು ಅದರ ಅರ್ಥ. ಇಂಗ್ಲಿಷರ ಬಾಯಲ್ಲಿ ಅದು ಸವೆದು ಸವೆದು ಬೀಚಮ್ ಆಗಿದೆ, ಬರಹದಲ್ಲಿ ಮಾತ್ರ ಹಳೆಯ ಅಂಗಿಯನ್ನು ಬಿಚ್ಚಿಲ್ಲ. ಹೀಗೆ ನಮ್ಮ ನಾಡಿನ ಪುಸ್ತಕದ ಮುಖಪತ್ರದಲ್ಲಿ ಕಾಡಿನವರೊಬ್ಬರು, ಹೊಲದವರೊಬ್ಬರು ಅಕ್ಕಪಕ್ಕ ಕುಳಿತಿದ್ದಾರೆ. ಒಂದು ಕಾಲಕ್ಕೆ ಔಷಧಿ ಅಂಗಡಿಗಳಲ್ಲಿ ಬೀಚಮ್ ಗುಳಿಗೆ ಎಂದು ಮಾರುತ್ತಿದ್ದರಲ್ಲ, ಅದೂ ಇದೇ ಹೆಸರು, ಉಚ್ಚಾರದಂತೆ ಬರೆದದ್ದು. ಆ ಗುಳಿಗೆಯವರ ಮೊಮ್ಮಗನೇ ಪ್ರಸಿದ್ಧ ವಾದ್ಯಮೇಳ ನಿರ್ದೇಶಕ ಸರ್ ಥಾಮಸ್ ಬೀಚಮ್. ಪಾಶ್ಚಾತ್ಯ ಸಂಗೀತವನ್ನು ರೇಡಿಯೋದಲ್ಲಿ ಕೇಳುವ ಅಭ್ಯಾಸವುಳ್ಳವರಿಗೆ ಪರಿಚಿತ ಹೆಸರು.

ಈ ಹೊಲ, ಈ ಕಾಡು ಇಂಗ್ಲೆಂಡಿಗೆ ಹೋದದ್ದು ಹೇಗೆ? 1066ರಲ್ಲಿ ನಾರ್ಮಂಡಿಯ ದೊರೆ ವಿಲಿಯಂ ಕಡಲು ದಾಟಿ ಇಂಗ್ಲೆಂಡನ್ನು ಗೆದ್ದ. ಅವನೊಡನೆ ಬಂದ ಸರದಾರರಿಗೆ ಗೆದ್ದ ನೆಲವನ್ನು ಹಂಚಿದ. ಇಪ್ಪತ್ತು ವರ್ಷದ ಮೇಲೆ, 1086ರಲ್ಲಿ, ಯಾವ ಭೂಮಿ ಯಾರ ಕೈಯಲ್ಲಿದೆ ಎಂದು ಒಂದು ದೊಡ್ಡ ಲೆಕ್ಕದ ಪುಸ್ತಕ ಬರೆಸಿದ. ಡೂಮ್ಸ್‌ಡೇ ಪುಸ್ತಕವೆಂದು ಅದಕ್ಕೆ ಹೆಸರು. ನಮ್ಮ ಶಾನುಭೋಗರ ಕಡತದ ಜಾತಿಯದೇ. ಲೆಕ್ಕ ಬರೆಯುವವರಿಗೆ ಒಂದು ತೊಡಕಾಯಿತು. ವಿಲಿಯಮರು, ರಾಬರ್ಟರು, ರೋಜರರು ಊರ ತುಂಬ. ಯಾವ ರಾಬರ್ಟ್ ಎಂದು ಬರೆಯುವುದು? ‘ಇಂಥ ಊರಿನ ರಾಬರ್ಟ್’ ಎಂದು ಬರೆದರು. ಆ ‘ಇನ’ ಎಂಬುದಕ್ಕೆ ಅವರಲ್ಲಿ ‘ದ’ ಎಂದು ಒಂದು ಮಾತುಂಟು. ನಮ್ಮಲ್ಲಿ ಷಷ್ಠೀ ವಿಭಕ್ತಿ ಪ್ರತ್ಯಯ ಪದದ ಕೊನೆಗೆ ಅಂಟಿದರೆ ಅವರಲ್ಲಿ ಅದು ಮುಂದೆ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ಬ್ರೂಸ್ ಎಂಬ ಹೆಸರು ನಾರ್ಮಂಡಿಯ ಬ್ರೀ ಎಂಬ ಊರಿನದು. ಪರ್ಸಿ ಎಂಬುದು ಪರ್ಸಿ ಎಂಬ ಊರಿನದೇ. ಎರಡನೆಯ ಮಹಾಯುದ್ಧದಲ್ಲಿ ನಾವು ಪತ್ರಿಕೆಗಳಲ್ಲಿ ಓದಿದ ಸೇನಾಪತಿ ಮಾಂಟ್‌ಗಮರಿಯದೂ ಒಂದು ನಾರ್ಮನ್ ಊರಿನ ಹೆಸರು. ನೆವಿಲ್ ಎಂದರೆ ‘ಹೊಸ ಊರು’. ನಮ್ಮ ಹೊಸಹಳ್ಳಿ ಎಂದಂತೆಯೇ.

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದು. 1204ರಲ್ಲಿ ಇಂಗ್ಲೆಂಡಿನ ಜಾನ್ ದೊರೆಯ ಕಾಲದಲ್ಲಿ ನಾರ್ಮಂಡಿ ಕೈಬಿಟ್ಟುಹೋಯಿತು. ಇಂಗ್ಲೆಂಡಿನಲ್ಲಿ ಉಳಿದ ಈ ಮನೆತನಗಳಿಗೂ ಅವರ ಮೂಲದ ಊರುಗಳಿಗೂ ಸಂಬಂಧ ಕಡಿಯಿತು. ಹೊಲವಿಲ್ಲ, ಮನೆಯಿಲ್ಲ, ಗೇಣಿ ಬರುವುದಿಲ್ಲ. ಮಾತು ಸಹ ಮೂರು ನಾಲ್ಕು ತಲೆಮಾರಿನಲ್ಲಿ ಇಂಗ್ಲಿಷಾಯಿತು. ಉಳಿದದ್ದು ಊರಿನ ಹೆಸರು ಮಾತ್ರ. ಅದನ್ನು ಅವರು ಬಿಡಲಿಲ್ಲ. ‘ದ’ ಎಂಬ ಪ್ರತ್ಯಯ ಮೊದಲು ಉದುರಿತು, ಇಲ್ಲವೇ ಊರಿನ ಹೆಸರಿನೊಳಕ್ಕೇ ಕರಗಿಹೋಯಿತು. ಆರ್ಸಿ ಎಂಬ ಊರಿನವನು ‘ದಾರ್ಸಿ’, ಇಂಗ್ಲಿಷಿನಲ್ಲಿ ಡಾರ್ಸಿ. ಸಂತ ಕ್ಲೇರನ ಹೆಸರಿನ ಊರಿನವನು ಸಿಂಕ್ಲೇರ್.

ಜೇನ್ ಆಸ್ಟೆನ್ ಎಂಬ ಲೇಖಕಿ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಎಂಬ ಕಾದಂಬರಿಯನ್ನು ಕಾಲೇಜು ಓದಿದ ನಿಮ್ಮ ಮನೆಯ ಹೆಣ್ಣುಮಕ್ಕಳು ಬಲ್ಲರು. ಅದರ ನಾಯಕನ ಪೂರ್ಣ ಹೆಸರು ಫಿಟ್ಸ್‌ವಿಲಿಯಂ ಡಾರ್ಸಿ. ಫಿಟ್ಸ್ ಎಂಬುದು ‘ಮಗ’ ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಅಮೆರಿಕದ ಅಧ್ಯಕ್ಷರಾಗಿದ್ದ ಕೆನೆಡಿಯವರ ನಡುವಿನ ಹೆಸರು ಫಿಟ್ಸ್‌ಜೆರಾಲ್ಡ್, ಎಂದರೆ ಜೆರಾಲ್ಡನ ಮಗ. ಹಾಗಾದರೆ ನಮ್ಮ ಕಥಾನಾಯಕನ ಹೆಸರಿನ ಅರ್ಥವೇನಾಯಿತು? ‘ಆರ್ಸಿ ಊರಿನ, ವಿಲಿಯಮನ ಮಗ.’ ಊರು, ತಂದೆ! ನಮ್ಮ ಹಳೆಯ ಮೈಸೂರಿನ ಎರಡು ಇನಿಷಿಯಲ್ಲುಗಳೇ ಅಲ್ಲವೇ ಇವು? ಅವರು ಅದನ್ನು ಬಿಡಿಸಿ ಬರೆದಿದ್ದಾರೆ, ನಾವು ಮಡಿಸಿ ಇಟ್ಟಿದ್ದೇವೆ.

ಈಗ ನಮ್ಮ ಊರಿಗೆ ಬರೋಣ. 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ಬರೆದ ಕವಿಯನ್ನು ಸಾಹಿತ್ಯ ಚರಿತ್ರೆಯಲ್ಲಿ ‘ಗುಬ್ಬಿಯ ಮಲ್ಲಣಾರ್ಯ’ ಎನ್ನುತ್ತಾರೆ. ಇಲ್ಲಿ ಷಷ್ಠಿಯ ‘ಯ’ಕಾರ ಸ್ಪಷ್ಟವಾಗಿದೆ. ಅವನು ಗುಬ್ಬಿಯವನು, ಆದ್ದರಿಂದ ಗುಬ್ಬಿಯ. ಇದು ಅಪ್ಪಟ ಅನ್ವರ್ಥ. ಮುಂದೆ, ಬೆಂಗಳೂರು ರೈಲು ನಿಲ್ದಾಣದ ಹತ್ತಿರ ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಛತ್ರ ಕಟ್ಟಿಸಿದ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ಕಾಲಕ್ಕೆ ಆ ಯಕಾರ ಲೋಪವಾಗಿದೆ. ವ್ಯಾಕರಣದ ಪ್ರಕಾರ ಇದು ತತ್ಪುರುಷ ಸಮಾಸ. ನಡುವಿನ ವಿಭಕ್ತಿ ಉದುರುವುದು ಸಹಜ. ಡಾರ್ಸಿಯ ‘ದ’ ಕರಗಿದ ಬಗೆಯೂ ಇದಕ್ಕೆ ದೂರದ್ದಲ್ಲ. ಆಮೇಲೆ ನಮ್ಮ ನಾಟಕರತ್ನ ಗುಬ್ಬಿ ವೀರಣ್ಣನವರು. 1884ರಲ್ಲಿ ಇಲ್ಲಿ ಹುಟ್ಟಿದ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ನಾಡಿಗೆಲ್ಲ ಹೊತ್ತು ತಿರುಗಿದವರು. 1972ರಲ್ಲಿ ತೀರಿಕೊಳ್ಳುವ ಹೊತ್ತಿಗೆ ‘ಗುಬ್ಬಿ ಕಂಪನಿ’ ಎಂದರೆ ನಾಟಕ, ‘ಗುಬ್ಬಿ’ ಎಂದರೆ ವೀರಣ್ಣ ಎನ್ನುವಂತಾಗಿತ್ತು. ಗುಬ್ಬಿಯನ್ನು ಎಂದೂ ಕಾಣದ ಹುಬ್ಬಳ್ಳಿಯ ಪ್ರೇಕ್ಷಕನಿಗೂ ಗುಬ್ಬಿ ಗೊತ್ತಿತ್ತು. ನೋಡಿ, ಅನ್ವರ್ಥವಾಗಿ ಹುಟ್ಟಿದ್ದು ಅಂಕಿತವಾಗಿ ನಿಂತಿತು. ಇಂಗ್ಲೆಂಡಿನ ಪರ್ಸಿಗಳಿಗೂ ನೆವಿಲರಿಗೂ ಆದದ್ದು ಇದೇ.

ಆದರೆ ಅದೇ ವೀರಣ್ಣನವರ ಹೆಸರನ್ನು ಕೆಲವು ಕಡೆ ‘ಜಿ. ಎಚ್. ವೀರಣ್ಣ’ ಎಂದು ಬರೆದದ್ದುಂಟು. ಗುಬ್ಬಿ ಹಂಪಣ್ಣ ವೀರಣ್ಣ. ಇಲ್ಲಿ ಏನಾಯಿತೆಂಬುದನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಗುಬ್ಬಿಯಲ್ಲಿ ‘ಜಿ’ ಎಲ್ಲಿದೆ? ಇಂಗ್ಲಿಷಿನಲ್ಲಿ ಬರೆದಾಗ ಮೊದಲ ಅಕ್ಷರಕ್ಕೆ ಅವರು ‘ಜಿ’ ಎನ್ನುತ್ತಾರೆ. ಅದನ್ನು ನಾವು ಮತ್ತೆ ಕನ್ನಡಕ್ಕೆ ತಂದು ‘ಜಿ.’ ಎಂದು ಬರೆಯುತ್ತೇವೆ. ಊರು ಹೋಯಿತು, ಅದರ ಮೊದಲಕ್ಷರವೂ ಹೋಯಿತು, ಕೊನೆಗೆ ಅದರ ನಾದವೂ ಹೋಯಿತು. ಬೀಚಮ್ಮರ ಬಾಯಲ್ಲಿ ಹೆಸರು ಸವೆಯಿತು, ಬರಹದಲ್ಲಿ ಉಳಿಯಿತು. ನಮ್ಮದು ಬರಹದಲ್ಲೇ ಸವೆದುಹೋಯಿತು!

ಕೇಶಿರಾಜನ ಸೂತ್ರ ಓದಿದವರಿಗೆ ಇದು ಸಹಿಸಲಾಗದ ಸಂಗತಿ. ನನ್ನ ಹೆಂಡತಿ ಇದನ್ನು ನನ್ನ ಹಟವೆನ್ನುತ್ತಾಳೆ. ಇರಲಿ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಡಿ.ವಿ.ಜಿ. ಆದರು, ದೇವನಹಳ್ಳಿಯ ದೇಕಾರ ಡಕಾರವಾಯಿತು. ಅವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, ಹೆಸರಿನಲ್ಲಿದ್ದದ್ದು ಹಿರಿಯರ ದೇವನಹಳ್ಳಿ ಎಂಬುದನ್ನೂ ಗಮನಿಸಿ. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಹುಟ್ಟಿದ್ದು ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಹೆಸರಿನಲ್ಲಿರುವುದು ನಾಗಮಂಗಲ ತಾಲ್ಲೂಕಿನ ಬೆಳ್ಳೂರು, ಅದೂ ಈಗ ‘ಬಿ.’ ಆಗಿ. ಇಂಗ್ಲಿಷ್ ಗೀತೆಗಳನ್ನು ಕನ್ನಡಕ್ಕೆ ತಂದ ಮಹನೀಯರ ಊರನ್ನು ಇಂಗ್ಲಿಷ್ ಅಕ್ಷರ ತಿಂದುಹಾಕಿತು. ಇದಕ್ಕೆ ಪ್ರತಿಯಾಗಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು ತೀ.ನಂ.ಶ್ರೀ. ಎಂದು ಬರೆದುಕೊಂಡರು. ಆ ‘ತೀ’ ಎಂಬ ಒಂದಕ್ಷರದಲ್ಲಿ ತೀರ್ಥಪುರದ ತೇವ ಇನ್ನೂ ಆರಿಲ್ಲ. ಕುಪ್ಪಳಿಯ ‘ಕು’ ಇಲ್ಲದೆ ಕುವೆಂಪು ಇಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಂತೂ ಊರನ್ನು ಇಡಿಯಾಗಿ ಇಟ್ಟುಕೊಂಡರು. ಓದುಗರು ಮಿಕ್ಕದ್ದನ್ನು ಬಿಟ್ಟು ಊರಿನ ಹೆಸರಿನಿಂದಲೇ ಅವರನ್ನು ಕರೆದರು.

ಉತ್ತರ ಕರ್ನಾಟಕದವರು ಈ ಮಾತಿಗೆ ನಗಬಹುದು. ಅವರ ಕಡೆಯ ಪದ್ಧತಿ ಇದಕ್ಕೆ ತಲೆಕೆಳಗು. ದ.ರಾ. ಬೇಂದ್ರೆ, ವಿ.ಕೃ. ಗೋಕಾಕ ಎಂಬಲ್ಲಿ ತಾಯಿ ತೊಟ್ಟಿಲಲ್ಲಿ ಕರೆದ ಹೆಸರು ಒಂದಕ್ಷರಕ್ಕೆ ಇಳಿದಿದೆ, ಮನೆತನದ್ದು ಪೂರ್ತಿ ಉಳಿದಿದೆ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಹೆಸರು ಗೋಕಾಕದ್ದು. ನಾರ್ಮನ್ ಸರದಾರರಿಗೆ ಹತ್ತಿರದವರು ಇವರೇ. ಅವರು ಇದಕ್ಕೆ ಅಡ್ಡಹೆಸರು ಎನ್ನುತ್ತಾರೆ. ಇಂಗ್ಲಿಷರ ‘ಸರ್‌ನೇಮ್’ ಎಂಬುದೂ ಫ್ರೆಂಚಿನಿಂದಲೇ ಬಂದದ್ದು. ‘ಸ್ಯುರ್’ ಎಂದರೆ ಮೇಲೆ, ‘ನೋಂ’ ಎಂದರೆ ಹೆಸರು. ಅವರಿಗೆ ಮೇಲ್ಹೆಸರು, ನಮಗೆ ಅಡ್ಡಹೆಸರು. ಒಟ್ಟಿನಲ್ಲಿ ಇಟ್ಟ ಹೆಸರಿನ ಪಕ್ಕಕ್ಕೋ ಮೇಲಕ್ಕೋ ಬಂದು ಕೂತದ್ದು. ಮಂಗಳೂರಿನ ಕಡೆಯ ಡಿಸೋಜ ಎಂಬ ಹೆಸರಿನ ‘ಡಿ’ ಕೂಡ ಪೋರ್ಚುಗೀಸರ ‘ದ’ಕಾರವೇ, ‘ಸೋಜಾ ಎಂಬ ನೆಲೆಯವನು’ ಎಂದರ್ಥ.

ನಮ್ಮ ಕುಣಿಗಲ್ ಸೀಮೆಯಲ್ಲಿ ಇದಕ್ಕೆ ಒಂದು ಸೊಗಸಾದ ಹೋಲಿಕೆ ಇದೆ. ಎಡೆಯೂರಿನಲ್ಲಿ ಗದ್ದುಗೆಯಿರುವ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟವೊಂದರಲ್ಲಿ ತಪಸ್ಸಿಗೆ ಕುಳಿತದ್ದರಿಂದ ‘ತೋಂಟದ’ ಸಿದ್ಧಲಿಂಗರಾದರು. ತೋಟದಪ್ಪ ಎಂಬ ಹೆಸರು ನಮ್ಮ ಕಡೆ ಮನೆಮನೆಯಲ್ಲಿ ಇರುವುದು ಆ ಭಕ್ತಿಯಿಂದ. ಫ್ರೆಂಚರಲ್ಲಿ ತೋಟಕ್ಕೆ ‘ಜಾರ್ದ್ಯಾಂ’ ಎಂದು ಹೆಸರು. ತೋಟದ ಬಳಿ ಇದ್ದವನ ಮನೆತನ ಬ್ರಿಟನ್ನಿನಲ್ಲಿ ಜಾರ್ಡೀನ್ ಆಯಿತು. 1933ರಲ್ಲಿ ಭಾರತದ ನೆಲದ ಮೇಲೆ ನಡೆದ ಮೊದಲ ಟೆಸ್ಟ್ ಪಂದ್ಯಕ್ಕೆ ಇಂಗ್ಲೆಂಡ್ ತಂಡದ ನಾಯಕನಾಗಿ ಬಂದವನು ಡಗ್ಲಸ್ ಜಾರ್ಡೀನ್. ಬ್ಯಾಟುಗಾರರ ಮೈಗೆ ಚೆಂಡು ಗುರಿಯಿಡಿಸಿ ಆಸ್ಟ್ರೇಲಿಯದಲ್ಲಿ ಅಪಕೀರ್ತಿ ಪಡೆದ ಆ ಮಹಾಶಯನೂ ಹೆಸರಿನಿಂದ ನಮ್ಮ ತೋಟದಪ್ಪನೇ!

ಊರಿನ ಹೆಸರಿನಂತೆ ಕಸುಬಿನ ಹೆಸರುಗಳೂ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಿವೆ. ಬಟ್ಲರ್ ಎಂದರೆ ಬುಡ್ಡಿಗಳ ಮೇಲ್ವಿಚಾರಕ, ದೊರೆಯ ಮದ್ಯಶಾಲೆಯ ಅಧಿಕಾರಿ. ಉಗ್ರಾಣದವನು ಸ್ಪೆನ್ಸರ್, ಮದರಾಸಿನಲ್ಲಿ ಇದೇ ಹೆಸರಿನ ಪ್ರಸಿದ್ಧ ಅಂಗಡಿಯಿತ್ತು. ಬಾಣ ಮಾಡುವವನು ಫ್ಲೆಚರ್, ಕಬ್ಬಿಣದ ಕೆಲಸದವನು ಫೆರಾರ್. ಅರಮನೆಯ ಒಳಕೋಣೆಯ ಅಧಿಕಾರಿ ಚೇಂಬರ್ಲೇನ್. 1939ರ ಸೆಪ್ಟೆಂಬರ್ 3ರಂದು ರೇಡಿಯೋದಲ್ಲಿ ಮಾತನಾಡಿ, ಜರ್ಮನಿಯ ಮೇಲೆ ಯುದ್ಧ ಆರಂಭವಾಗಿದೆಯೆಂದು ಸಾರಿದ ಇಂಗ್ಲೆಂಡಿನ ಪ್ರಧಾನಿ ನೆವಿಲ್ ಚೇಂಬರ್ಲೇನರ ಹೆಸರನ್ನು ಕನ್ನಡಿಸಿದರೆ ‘ಹೊಸಹಳ್ಳಿ ಪಾರುಪತ್ಯೇಗಾರ’ ಎಂದಾಗುತ್ತದೆ. ಅಚ್ಚ ಇಂಗ್ಲಿಷರೆಂದು ಜಗತ್ತು ತಿಳಿದವರ ಹೆಸರಿನಲ್ಲಿ ಒಂದು ತುಂಡೂ ಅಚ್ಚ ಇಂಗ್ಲಿಷಿನದಲ್ಲ.

ನಮ್ಮಲ್ಲಿ ಹನ್ನೆರಡನೆಯ ಶತಮಾನದ ಶರಣರು ಹಡಪದ ಅಪ್ಪಣ್ಣ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಕಸುಬನ್ನು ಹೆಸರಿನ ಮುಂದೆ ತಲೆಯೆತ್ತಿ ನಿಲ್ಲಿಸಿದರು. ಹಡಪ ಹಿಡಿಯುವವನೂ ಬುಡ್ಡಿ ಕಾಯುವವನೂ ಹೆಚ್ಚು ಕಡಿಮೆ ಒಂದೇ ಸಾಲಿನವರು. ಆದರೆ ಬಟ್ಲರನ ಮೊಮ್ಮಗ ಜಮೀನುದಾರನಾದ ಮೇಲೆ ಆ ಹೆಸರಿನಿಂದ ಅವನನ್ನು ಯಾರೂ ಕೀಳಾಗಿ ಕಾಣಲಿಲ್ಲ. ನಮ್ಮಲ್ಲಿ ಹಾಗಾಗಲಿಲ್ಲ. ಈ ಮಾತನ್ನು ಮರೆಮಾಚದೆ ಹೇಳಬೇಕು. ಕೆಲವು ವರ್ಷದ ಹಿಂದೆ ಮಗನನ್ನು ಸೇರಿಸಲು ಬಂದ ತಂದೆಯೊಬ್ಬರು ನಾನು ಊರು, ಮನೆತನ ಎಂದು ವಿಚಾರಿಸುತ್ತಿದ್ದಾಗ ಮೆಲ್ಲಗೆ ಹೇಳಿದರು: ‘ಊರೂ ಬ್ಯಾಡಿ, ಮನೆತನಾನೂ ಬ್ಯಾಡಿ ಮೇಷ್ಟ್ರೇ. ಒಂದಕ್ಷರ ಬರ್ಕೊಳ್ಳಿ, ಸಾಕು.’ ಅವರ ಊರಿನಲ್ಲಿ ಆ ಹೆಸರನ್ನು ಯಾವ ರಾಗದಲ್ಲಿ ಕೂಗುತ್ತಿದ್ದರೆಂದು ನನಗೆ ಅರ್ಥವಾಯಿತು. ಒಂದಕ್ಷರ ಬರೆದುಕೊಂಡೆ. ನಾನು ಹಳಿಯುತ್ತಿರುವ ಈ ಇನಿಷಿಯಲ್ಲು ಎಷ್ಟೋ ಮಕ್ಕಳಿಗೆ ಬೆನ್ನ ಮೇಲಿನ ಹೊರೆಯನ್ನು ಇಳಿಸಿಕೊಟ್ಟಿದೆ. ಅದನ್ನು ಅಲ್ಲಗಳೆಯುವ ಹಕ್ಕು ನನಗಿಲ್ಲ.

ಹೆಸರನ್ನು ಬಿಡುವುದು ಅಲ್ಲಿಯೂ ಉಂಟು. 1685ರಲ್ಲಿ ಫ್ರಾನ್ಸಿನ ದೊರೆ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿದಾಗ ಸಾವಿರಾರು ಹ್ಯೂಗನಾಟರು ಇಂಗ್ಲೆಂಡಿಗೆ ಓಡಿಬಂದರು. ಕೆಲವರು ಹೆಸರನ್ನು ಇಂಗ್ಲಿಷಿಗೆ ತಿರುಗಿಸಿಕೊಂಡರು, ಕೆಲವರು ಹಾಗೆಯೇ ಇಟ್ಟುಕೊಂಡರು. ನಟ ಡೇವಿಡ್ ಗ್ಯಾರಿಕ್, ನಮ್ಮ ಕಾಲಕ್ಕೆ ಹತ್ತಿರದ ಲಾರೆನ್ಸ್ ಆಲಿವಿಯರ್ ಅಂಥ ಮನೆತನದವರು. 1917ರಲ್ಲಿ ಜರ್ಮನಿಯೊಡನೆ ಯುದ್ಧ ಕಾವೇರಿದ್ದಾಗ ಬ್ಯಾಟನ್‌ಬರ್ಗ್ ಎಂಬ ಜರ್ಮನ್ ಹೆಸರಿನವರು ‘ಬರ್ಗ್’ ಎಂಬ ಬೆಟ್ಟವನ್ನು ಕಳಚಿ, ಫ್ರೆಂಚ್ ಮೂಲದ ‘ಮೌಂಟ್’ ಎಂಬ ಬೆಟ್ಟವನ್ನು ಮುಂದಕ್ಕೆ ಸೇರಿಸಿ ಮೌಂಟ್‌ಬ್ಯಾಟನ್ ಆದರು. ಆ ಮನೆಯವರೇ ನಮ್ಮ ಕೊನೆಯ ವೈಸರಾಯರು.

ಆಸ್ತಿಗಾಗಿ ಹೆಸರು ಬದಲಾದದ್ದೂ ಉಂಟು. 1800ರಲ್ಲಿ ನಮ್ಮ ಗುಬ್ಬಿಯ ಸಂತೆಯನ್ನು ಕಣ್ಣಾರೆ ಕಂಡು ಬರೆದ ಫ್ರಾನ್ಸಿಸ್ ಬುಕಾನನ್ ಸಾಹೇಬರು ಮುಂದೆ ತಾಯಿಯ ಕಡೆಯ ಜಮೀನು ಬಂದಾಗ ಹ್ಯಾಮಿಲ್ಟನ್ ಆದರು. ಬುಕಾನನ್ ಎಂಬುದೂ ಸ್ಕಾಟ್ಲೆಂಡಿನ ಒಂದು ಊರೇ. ಶ್ರೀರಂಗಪಟ್ಟಣದ ದ ಹ್ಯಾವಿಲೆಂಡ್ ಕಮಾನನ್ನು ನಮ್ಮ ಹಿರಿಯರು ಕಂಡಿದ್ದರು. ಕಾವೇರಿಗೆ ಅಷ್ಟು ಅಗಲದ ಇಟ್ಟಿಗೆ ಕಮಾನು ಕಟ್ಟಬಹುದೆಂದು ತೋರಿಸಲು ಆ ಹೆಸರಿನ ಎಂಜಿನಿಯರು 1808ರ ಸುಮಾರಿಗೆ ಕಟ್ಟಿದ್ದು. ನೂರಕ್ಕೆ ಮೀರಿ ವರ್ಷ ನಿಂತು 1930ರ ದಶಕದಲ್ಲಿ ಬಿದ್ದುಹೋಯಿತು. ಅವರು ಗರ್ನ್‌ಸಿ ದ್ವೀಪದವರು. 1204ರಲ್ಲಿ ನಾರ್ಮಂಡಿ ಹೋದರೂ ಇಂಗ್ಲೆಂಡಿನ ದೊರೆಗೆ ಉಳಿದದ್ದು ಆ ಕಡಲ ತುಣುಕುಗಳು ಮಾತ್ರ. ಅದಕ್ಕೇ ಇರಬೇಕು, ಅವರ ‘ದ’ಕಾರ ಉದುರಲಿಲ್ಲ ಎಂದು ನಾನು ವಿನೋದಕ್ಕೆ ಹೇಳಿಕೊಳ್ಳುತ್ತೇನೆ.

ಹಳೆಯ ಹೆಸರು ಸಿಕ್ಕಿದರೆ ಒಳ್ಳೆಯದೇ ಆಗುತ್ತದೆಂದು ಇಲ್ಲ. ಥಾಮಸ್ ಹಾರ್ಡಿಯ 1891ರ ಕಾದಂಬರಿಯಲ್ಲಿ ಡರ್ಬೀಫೀಲ್ಡ್ ಎಂಬ ಬಡ ಗಾಡಿಯವನಿಗೆ ಪಾದ್ರಿಯೊಬ್ಬ, ‘ನೀನು ನಾರ್ಮನ್ ಸರದಾರರಾದ ಡರ್ಬರ್‌ವಿಲ್ ವಂಶದವನು’ ಎಂದು ದಾರಿಯಲ್ಲಿ ಹೇಳಿಬಿಡುತ್ತಾನೆ. ಅವನ ತಲೆ ತಿರುಗುತ್ತದೆ. ಮಗಳನ್ನು ಅದೇ ಹೆಸರಿನ ಶ್ರೀಮಂತರ ಮನೆಗೆ ಕಳುಹಿಸುತ್ತಾರೆ. ಅವರಾದರೋ ಹೆಸರನ್ನು ಸುಮ್ಮನೆ ಎತ್ತಿಕೊಂಡವರು. ಆ ಹುಡುಗಿ ಟೆಸ್‌ಳ ಬಾಳು ಅಲ್ಲಿಂದ ಹಾಳಾಗುತ್ತದೆ. ಈ ಕಥೆಯನ್ನು ನನಗೆ ಹೇಳಿದ ನಮ್ಮ ಇಂಗ್ಲಿಷ್ ಮೇಷ್ಟರು, ‘ನಿಮ್ಮ ಹೆಸರಿನ ಹುಚ್ಚಿಗೆ ಇದೇ ಮದ್ದು’ ಎಂದರು.

ಮದ್ದು ತಾಗಲಿಲ್ಲ. ಅದಕ್ಕೆ ನನ್ನ ಸ್ವಂತದ ಕಾರಣವೊಂದಿದೆ. ನನ್ನ ಹೆಸರಿನ ಮೊದಲಿನ ‘ಕೆ.’ ಎಂದರೆ ಕಡಬ, ನಮ್ಮ ತಾಲ್ಲೂಕಿನ ದೊಡ್ಡ ಕೆರೆಯ ಊರು. ಒಂದು ಕಚೇರಿಯಲ್ಲಿ ಹೆಸರನ್ನು ಬಿಡಿಸಿ ಬರೆಯಬೇಕಾಗಿ ಬಂದಾಗ ಅಲ್ಲಿನವರು ನನ್ನನ್ನು ಕೇಳದೆ ಅದನ್ನು ‘ಕಡೂರು’ ಎಂದು ಬಿಡಿಸಿದರು. ಒಂದು ಕಾಗದದಲ್ಲಿ ನಾನು ಕಡಬದವನು, ಇನ್ನೊಂದರಲ್ಲಿ ಕಡೂರಿನವನು. ಇಬ್ಬರೂ ಒಬ್ಬನೇ ಎಂದು ಸಾಧಿಸಲು ಏಳು ತಿಂಗಳು ಹಿಡಿಯಿತು. ಪ್ರಮಾಣಪತ್ರ ಮಾಡಿಸಿದೆ, ಸಾಕ್ಷಿಗಳನ್ನು ಕರೆದೊಯ್ದೆ. ಕೊನೆಗೆ ಆ ಗುಮಾಸ್ತರು ‘ನೀವು ಮೊದಲೇ ಪೂರ್ತಿ ಬರೀಬೇಕಿತ್ತು ಸ್ವಾಮಿ’ ಎಂದು ನನಗೇ ಬುದ್ಧಿ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ಇನ್ನೊಂದು ಪ್ರಸಂಗ. ನನ್ನ ಹಳೆಯ ಶಿಷ್ಯನೊಬ್ಬ ಹೊರದೇಶದ ಕೆಲಸಕ್ಕೆ ಹೊರಟಾಗ ಅರ್ಜಿಯನ್ನು ಹಿಡಿದು ಬಂದಿದ್ದ. ‘ಸಾರ್, ಸರ್‌ನೇಮ್ ಅಂತ ಕೇಳಿದ್ದಾರೆ. ನಂದು ಯಾವುದು ಸಾರ್?’ ಊರನ್ನು ಬರೆ ಎಂದೆ. ಅವನಿಗೆ ಧೈರ್ಯ ಬರಲಿಲ್ಲ, ತಂದೆಯ ಹೆಸರನ್ನು ಬರೆದ. ಎರಡು ವರ್ಷದ ಮೇಲೆ ರಜಕ್ಕೆ ಬಂದಾಗ ಹೇಳಿದ: ‘ಅಲ್ಲಿ ಎಲ್ಲರೂ ನನ್ನನ್ನು ಅಪ್ಪನ ಹೆಸರು ಹಿಡಿದೇ ಕರೀತಾರೆ ಸಾರ್. ಯಾರಾದರೂ ಕೂಗಿದರೆ, ಅಪ್ಪ ಬಂದರೇನೋ ಅಂತ ಇವತ್ತಿಗೂ ಹಿಂದಿರುಗಿ ನೋಡ್ತೀನಿ.’ ಆ ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು. ಆ ದೇಶದಲ್ಲಿ ಹುಟ್ಟಿದ ಅವನ ಮಗಳಿಗೂ ಈಗ ಅದೇ ಹೆಸರು. ಹಳ್ಳಿಯಲ್ಲಿ ರಾಗಿ ಬೆಳೆದುಕೊಂಡಿದ್ದ ಒಬ್ಬ ರೈತರ ಹೆಸರು ಅಲ್ಲಿ ಮನೆತನದ ಹೆಸರಾಗಿ ಬೇರು ಬಿಡುತ್ತಿದೆ. ಫಿಟ್ಸ್‌ವಿಲಿಯಂ ಹುಟ್ಟಿದ್ದೂ ಹೀಗೆಯೇ ಅಲ್ಲವೇ?

ಊರಿನ ಹೆಸರು ಪೂರ್ತಿಯಾಗಿ ಇನ್ನೂ ಕೇಳಿಬರುವ ಒಂದು ಸ್ಥಳವುಂಟು. ಅದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಕೋರಿಕೆಯ ಚಿತ್ರಗೀತೆಗಳ ಹೊತ್ತಿನಲ್ಲಿ ಉದ್ಘೋಷಕರು ನಿಟ್ಟೂರಿನಿಂದ ಇಂಥವರು, ಚೇಳೂರಿನಿಂದ ಇಂಥವರು, ಹಾಗಲವಾಡಿಯಿಂದ ಇಂಥವರು ಎಂದು ಓದುತ್ತಾರಲ್ಲ, ಆಗ ನಮ್ಮ ಮನೆಯಲ್ಲಿ ಎಲ್ಲರ ಕಿವಿಯೂ ನಿಮಿರುತ್ತದೆ. ಹಾಡಿಗಿಂತ ಊರಿನ ಪಟ್ಟಿಯನ್ನೇ ನಾನು ಗಮನವಿಟ್ಟು ಕೇಳುತ್ತೇನೆ.

ಜಿ. ಎಂಬ ಆ ಹುಡುಗ ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನ ಬಂದ. ತಂದೆಯನ್ನು ಕೇಳಿದನಂತೆ. ‘ಗುಬ್ಬಿ ಕಣೋ, ಇನ್ನೇನು’ ಎಂದರಂತೆ. ಒಳಗೆ ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿ ಅಲ್ಲಿಂದಲೇ ಗದರಿದರಂತೆ: ‘ಗುಬ್ಬಿ ಎಲ್ಲಿಂದ ಬಂತು? ನಿಮ್ಮ ತಾತ ಗೂಳೂರಿನೋರು. ಬರಗಾಲದಲ್ಲಿ ಗಾಡಿ ಕಟ್ಕೊಂಡು ಇಲ್ಲಿಗೆ ಬಂದದ್ದು. ಗಣಪತಿ ಕೂರಿಸ್ತಾರಲ್ಲ, ಆ ಗೂಳೂರು.’ ತುಮಕೂರಿನ ಪಕ್ಕದ ಗೂಳೂರು ದೊಡ್ಡ ಗಣಪತಿಗೆ ಹೆಸರಾದ ಊರು. ಐವತ್ತು ವರ್ಷ ಗುಬ್ಬಿಯಲ್ಲಿದ್ದ ಆ ತಂದೆಗೇ ಅದು ಅಂದು ತಿಳಿಯಿತು.

ಹುಡುಗ ಕನ್ನಡದ ನೋಟ್ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟ. ರಟ್ಟಿನ ಮೇಲಿದ್ದ ‘ಜಿ.’ಯನ್ನು ಗೀಟೆಳೆದು ಹೊಡೆದುಹಾಕಿ ಅದರ ಮೇಲೆ ‘ಗೂ.’ ಎಂದು ಬರೆದಿದ್ದ. ದೀರ್ಘ ಸರಿಯಾಗಿ ಬಿದ್ದಿತ್ತು.